ನ್ಯೂಟ್ರಲ್‌ನಲ್ಲಿ ಬಿಟ್ಟ ದೋಣಿ

"ಬಳಸದೆ ಜೋಪಾನವಾಗಿ ಇಟ್ಟದ್ದು ಸವೆಯುತ್ತದೆಯೇ ಗುರುಗಳೇ?" ಎಂದು ಶಿಷ್ಯ ವಾಮನ ಕೇಳಿದ.

"ಏನನ್ನು ಇಟ್ಟಿದ್ದೀಯ?" ಎಂದರು ಗುರುಗಳು.

ವಾಮನ ಹೇಳಿದ. ಅಪ್ಪನ ತಿಥಿಯ ದಿನ ಅಣ್ಣನೊಡನೆ ಮಾತಿಗೆ ಮಾತು ಬೆಳೆದಿತ್ತು. ಅಂದಿನಿಂದ ಅವನು ಅಣ್ಣನೊಡನೆ ಮಾತು ಬಿಟ್ಟ. ಬಳಿಕ ಮನೆಯನ್ನೂ ಬಿಟ್ಟು ಮಠ ಸೇರಿದ. ಈಗ ಅಣ್ಣ ಹಾಸಿಗೆ ಹಿಡಿದಿದ್ದಾನೆ. ಒಮ್ಮೆ ಬಂದು ಹೋಗು ಎಂದು ಅತ್ತಿಗೆ ಮತ್ತೆ ಮತ್ತೆ ಹೇಳಿ ಕಳಿಸುತ್ತಿದ್ದಾಳೆ.

"ನಾನು ಅಣ್ಣನನ್ನು ಶಪಿಸಿಲ್ಲ, ಅವನ ಕೆಡುಕು ಬಯಸಿಲ್ಲ. ಅವನ ಮೇಲಿನ ಪ್ರೀತಿ ಒಳಗೆ ಇದ್ದ ಹಾಗೆಯೇ ಇದೆ. ಚಾತುರ್ಮಾಸ್ಯ ಮುಗಿಯಲಿ, ಹೋಗಿ ಮಾತಾಡಿಸುತ್ತೇನೆ. ಅವಸರವೇನು?" ಎಂದ ವಾಮನ.

ಗುರುಗಳು ಜಪಮಾಲೆಯನ್ನು ಕೆಳಗಿಟ್ಟರು. "ನಿನ್ನಷ್ಟೇ ಜೋಪಾನದ ಒಬ್ಬ ದೋಣಿಯವನಿದ್ದ, ಕೇಳು," ಎಂದು ಹೇಳತೊಡಗಿದರು.

ದೋಣಿಯವ ಅಳಿವೆಯಾಚೆಯ ಒಂದು ನಡುಗಡ್ಡೆಯಲ್ಲಿ ಹೆಂಡತಿಯೊಡನೆ ವಾಸವಾಗಿದ್ದ. ಅವನದು ಹಳೆಯ ಹಾಯಿದೋಣಿ. ಗಾಳಿ ಕೈಕೊಟ್ಟ ದಿನಕ್ಕೆ ಇರಲಿ ಎಂದು ಅದಕ್ಕೊಂದು ಇಂಜಿನ್ ಕೂರಿಸಿದ್ದ. ಇಂಜಿನ್ನಿನ ಹಿಂದೆ ಗೇರ್‌ಬಾಕ್ಸ್, ಅದರಿಂದ ಹೊರಟ ಒಂದು ಶಾಫ್ಟು, ಶಾಫ್ಟಿನ ತುದಿಯಲ್ಲಿ ನೀರಿನೊಳಗೆ ಪ್ರೊಪೆಲ್ಲರ್. ಆ ಇಂಜಿನ್ ಎಂದರೆ ಅವನಿಗೆ ಪ್ರಾಣ. ಸ್ವಲ್ಪ ಗಾಳಿ ಇದ್ದರೂ ಸಾಕು, ಇಂಜಿನ್ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು ಹಾಯಿ ಬಿಚ್ಚುತ್ತಿದ್ದ. ಪಾಪ, ದಣಿಯದಿರಲಿ ಎನ್ನುತ್ತಿದ್ದ. ಅವನನ್ನು ಜಿಪುಣ ಎನ್ನಬೇಡ. ಕೆಲವರಿಗೆ ಜೋಪಾನ ಎನ್ನುವುದೂ ಒಂದು ಬಗೆಯ ಮೈಗಳ್ಳತನ, ಅಷ್ಟೇ.

ಹಾಯಿಯ ಬಲದಲ್ಲಿ ದೋಣಿ ಓಡುವಾಗಲೆಲ್ಲ ಕೆಳಗಿನಿಂದ ಸಣ್ಣಗೆ ಗುಂಯ್‌ಗುಡುವ ಸದ್ದು ಬರುತ್ತಿತ್ತು. ಹೆಂಡತಿ ಕೂರುವ ಹಲಗೆ ಗೇರ್‌ಬಾಕ್ಸಿನ ಮೇಲೆಯೇ ಇತ್ತು. ಒಂದು ದಿನ ಅವಳು ಕೇಳಿದಳು:

"ಇವ್ರೇ, ಇಂಜಿನ್ ಬಂದ್ ಮಾಡಿದ್ದೀರಿ. ಮತ್ತೆ ಕೆಳಗೆ ಎಂತದೋ ತಿರುಗ್ತಾ ಉಂಟಲ್ಲ?"

"ಅದು ನಿದ್ದೆಯಲ್ಲಿ ಗೊರಕೆ ಹೊಡೀತಾ ಉಂಟು. ಮಲಗಲಿ ಬಿಡು."

ಇಬ್ಬರೂ ನಕ್ಕರು. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಒಂದು ಬೆಳಗ್ಗೆ ಹೆಂಡತಿಗೆ ಎದೆನೋವು ಬಂತು. ಆಸ್ಪತ್ರೆ ಇದ್ದದ್ದು ಆಚೆ ದಡದಲ್ಲಿ. ಅವಳನ್ನು ಅದೇ ಹಲಗೆಯ ಮೇಲೆ ಮಲಗಿಸಿ ಹಾಯಿ ಏರಿಸಿದ. ಅಳಿವೆಯ ಬಾಯಿಗೆ ಬರುವಷ್ಟರಲ್ಲಿ ಗಾಳಿ ಬಿದ್ದುಹೋಯಿತು. ಹಾಯಿ ಜೋತುಬಿತ್ತು. ಇಳಿತ ಶುರುವಾಗಿ ನೀರು ದೋಣಿಯನ್ನು ಕಡಲಿನ ಕಡೆಗೆ ಎಳೆಯತೊಡಗಿತು.

ದೋಣಿಯವನಿಗೆ ಭಯವಾಗಲಿಲ್ಲ. ಇಂಥ ದಿನಕ್ಕೆಂದೇ ಅಲ್ಲವೇ ಇಂಜಿನ್ನನ್ನು ಕಾಪಾಡಿಕೊಂಡು ಬಂದದ್ದು? ಅದು ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಗೇರನ್ನು ಮುಂದಕ್ಕೆ ಹಾಕಿದ. ಇಂಜಿನ್ ಅಬ್ಬರಿಸಿತು, ದೋಣಿ ಕದಲಲಿಲ್ಲ. ಹಿಂದಕ್ಕೆ ಹಾಕಿ ನೋಡಿದ, ಅದೂ ಹಿಡಿಯಲಿಲ್ಲ. ಹುಟ್ಟು ಹಾಕಿದ. ಅಷ್ಟು ಭಾರದ ದೋಣಿಗೆ, ಆ ಇಳಿತದ ಎದುರು, ಒಂದು ಹುಟ್ಟು ಏನು ಮಾಡೀತು? ಕೊನೆಗೆ ಲಂಗರು ಇಳಿಸಿ ದೋಣಿಯನ್ನು ನಿಲ್ಲಿಸಿದ.

ನರಳುತ್ತಿದ್ದ ಹೆಂಡತಿಯನ್ನು ಪಕ್ಕಕ್ಕೆ ಸರಿಸಿ, ಹಲಗೆ ಎತ್ತಿ ಒಳಗೆ ನೋಡಿದ. ಗೇರಿನ ಕೇಬಲ್ ತುಂಡಾಗಿರಲಿಲ್ಲ. ಶಾಫ್ಟಿನ ಬೋಲ್ಟುಗಳು ಬಿಗಿಯಾಗಿಯೇ ಇದ್ದವು. ಗೇರ್‌ಬಾಕ್ಸಿನಲ್ಲಿ ಎಣ್ಣೆ ಗುರುತಿನವರೆಗೂ ಇತ್ತು, ಆದರೆ ಸುಟ್ಟ ವಾಸನೆ ಬರುತ್ತಿತ್ತು. ಪ್ರೊಪೆಲ್ಲರ್ ಕಳಚಿ ಬಿದ್ದಿರಬಹುದೇ ಎಂದು ನೋಡಲು ಇಂಜಿನ್ ನಿಲ್ಲಿಸಿದ. ನಿಲ್ಲಿಸಿದೊಡನೆ ಆ ಗುಂಯ್ ಸದ್ದು ಎದ್ದಿತು.

ಹಗ್ಗ ಹಿಡಿದು ನೀರಿಗೆ ಇಳಿದ. ಪ್ರೊಪೆಲ್ಲರ್ ಇದ್ದಲ್ಲೇ ಇತ್ತು. ನಿಂತ ದೋಣಿಯ ಕೆಳಗೆ ಅದು ತನ್ನಷ್ಟಕ್ಕೆ ತಿರುಗುತ್ತಿತ್ತು. ಹರಿಯುವ ನೀರು ಅದನ್ನು ತಿರುಗಿಸುತ್ತಿತ್ತು.

ದಡದ ಮನೆಗಳು ಕಾಣುತ್ತಿದ್ದವು. ಅವನು ಗಂಟಲು ಹರಿಯುವಂತೆ ಕೂಗಿದ. ಮಧ್ಯಾಹ್ನದ ಮೇಲೆ ಮೀನಿನ ದೋಣಿಯೊಂದು ಬಂದು ಅವರನ್ನು ಎಳೆದುಕೊಂಡು ಹೋಯಿತು. ಅಷ್ಟರಲ್ಲಿ ಹೆಂಡತಿಯ ಮೈ ತಣ್ಣಗಾಗಿತ್ತು.

ಕೆಲವು ದಿನಗಳ ಮೇಲೆ ಒಬ್ಬ ಮೆಕ್ಯಾನಿಕ್ ಆ ಗೇರ್‌ಬಾಕ್ಸ್ ಬಿಚ್ಚಿದ. ಒಂದನ್ನೊಂದು ಕಚ್ಚಿ ಹಿಡಿಯಬೇಕಾದ ಕ್ಲಚ್ ಪ್ಲೇಟುಗಳು ಸವೆದು ಗಾಜಿನಂತೆ ನುಣ್ಣಗಾಗಿದ್ದವು.

"ನಾನು ಅದನ್ನ ಮುಟ್ಟಿದ್ದೇ ಕಡಿಮೆ," ಎಂದ ದೋಣಿಯವ.

"ಮುಟ್ಟಲಿಲ್ಲ, ಸರಿ ಮಾರಾಯ್ರೆ. ಇದರಲ್ಲಿ ಇಂಜಿನ್ ಓಡಿದ್ರೆ ಮಾತ್ರ ಒಳಗೆ ಎಣ್ಣೆ ಹರಿಯುದು. ನೀವು ಇಂಜಿನ್ ನಿಲ್ಲಿಸಿದ್ರೆ ನೀರು ನಿಲ್ತದಾ? ಅದು ಪ್ರೊಪೆಲ್ಲರನ್ನ ತಿರುಗಿಸ್ತದೆ, ಒಳಗಿನದ್ದೆಲ್ಲ ಎಣ್ಣೆ ಇಲ್ಲದೆ ತಿರುಗ್ತದೆ. ಹಾಯಿ ಹಾಕುವಾಗ ಶಾಫ್ಟಿಗೆ ಒಂದು ಹಗ್ಗ ಕಟ್ಟಿ ನಿಲ್ಲಿಸಿದ್ರೆ ಸಾಕಿತ್ತು."

ದೋಣಿಯವ ಆ ಪ್ಲೇಟನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲಿಯೇ ಕುಸಿದು ಕುಳಿತು ಅತ್ತ.

ಗುರುಗಳು ಕತೆ ನಿಲ್ಲಿಸಿದರು. "ಒಂದು ತುಂಡು ಹಗ್ಗ! ಅಷ್ಟೂ ಹೊಳೆಯಲಿಲ್ಲವೇ ಆ ಮೂರ್ಖನಿಗೆ?" ಎಂದ ವಾಮನ.

"ಅವನಿಗೆ ಹೊಳೆಯಲಿಲ್ಲ, ಇರಲಿ, ನಿನ್ನ ಅಣ್ಣನ ಆಯುಷ್ಯವನ್ನು ನೀನು ಯಾವ ಹಗ್ಗದಿಂದ ಕಟ್ಟಿ ನಿಲ್ಲಿಸಿ ಬಂದಿದ್ದೀಯ?" ಎಂದರು ಗುರುಗಳು.