ರಾಣಿಯ ಮಾತು ನಿಲ್ಲುವ ಜಾಗ

ಹೊಂಬಾಳೆಗಿರಿಯ ಬೀದಿಗಳಲ್ಲಿ ಡಂಗುರದವನು ಕೂಗುತ್ತಾ ಬಂದ.

"ಊರವರೂ ಕೇಳಿ, ಪರವೂರಿನವರೂ ಕೇಳಿ. ತೀರಿಹೋದ ರಾಣಿ ಕಲ್ಯಾಣಮ್ಮಣ್ಣಿಯವರ ದನಿ ಇರುವ ಕಂಪ್ಯೂಟರು ಮಾತಿನ ನಡುವೆಯೇ ಆರಿಹೋಗುತ್ತಿದೆ. ಅದರ ಮೇಲೆ ದೊರೆಗಳು ಮೂರು ಒಗಟು ಹಾಕಿದ್ದಾರೆ. ನೋಡಬಹುದು, ಕೇಳಬಹುದು, ಕೈ ಸೋಕಿಸುವ ಹಾಗಿಲ್ಲ. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ, ತಪ್ಪಿದವರಿಗೆ ತಲೆ ಉಳಿಯುವುದಿಲ್ಲ. ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ ಅದಕ್ಕೆ ಕೇಡು ಬಗೆದವನು ಕಾವಲಿನ ಕೆಂಚನೇ ಎಂದು ತಿಳಿದು ಅವನ ತಲೆ ತೆಗೆಯಲಾಗುತ್ತದೆ."

ದೊರೆ ಕೆಟ್ಟವನೇನಲ್ಲ. ದುಃಖದಲ್ಲಿ ಮುಳುಗಿದವನ ಕೈಯಲ್ಲಿ ಕತ್ತಿಯೂ ಇತ್ತು, ಊರಿನ ಗ್ರಹಚಾರ ಅಷ್ಟೆ. ರಾಣಿ ಕೊನೆಯುಸಿರೆಳೆದ ಕೋಣೆಯಲ್ಲಿ, ಅವಳು ಮಲಗುತ್ತಿದ್ದ ಹತ್ತಿಯ ಹಾಸಿಗೆಯ ಮೇಲೆಯೇ ಆ ಕಂಪ್ಯೂಟರನ್ನು ಇಟ್ಟಿದ್ದ. ಅವಳ ಶಾಲನ್ನೇ ಅದಕ್ಕೆ ಹೊದಿಸಿ, ಹೂ ಮುಡಿಸಿ, ಸುತ್ತ ಧೂಪ ಹಾಕಿಸುತ್ತಿದ್ದ. ಕಿಟಕಿಗಳನ್ನು ತೆರೆಯುವಂತಿರಲಿಲ್ಲ. ಕಾಯಿಲೆಯ ದಿನಗಳಲ್ಲಿ ರಾಣಿ ತನ್ನ ಮಾತುಗಳನ್ನು ಅದರಲ್ಲಿ ತುಂಬಿಟ್ಟಿದ್ದಳು. ಬೆಳಗಾದರೆ ದೊರೆ ಅದರ ಮುಂದೆ ಕೂರುತ್ತಿದ್ದ. ದನಿ ಬಹಳ ಹೊತ್ತು ನಡೆದು, "ಇನ್ನೊಂದು ಮಾತಿದೆ ಪ್ರಭು, ಬೇಜಾರು ಮಾಡಿಕೊಳ್ಳಬಾರದು" ಎನ್ನುವಷ್ಟರಲ್ಲಿ ಎಲ್ಲ ಆರಿ ಕತ್ತಲಾಗುತ್ತಿತ್ತು. ನಡುವಿನಿಂದ ಕೇಳಿ ಎಂದು ಮಂತ್ರಿ ಹೇಳಿದರೆ, ಅವಳ ಮಾತಿಗೆ ಅಡ್ಡಬಾಯಿ ಹಾಕಿದಂತಾಗುತ್ತದೆ ಎಂದು ದೊರೆ ಒಪ್ಪುತ್ತಿರಲಿಲ್ಲ.

ನೆರೆರಾಜ್ಯದ ರಾಜಕುಮಾರನೊಬ್ಬ ಬಂದು, ಇದು ಶತ್ರುಗಳ ಮಾಟ ಎಂದ. ಮಾಟ ತೆಗೆಸಿದರೂ ದನಿ ಅಲ್ಲೇ ನಿಂತಿತು, ಅವನ ತಲೆ ಹೋಯಿತು. ಯಂತ್ರಗಳನ್ನೇ ಓದಿಕೊಂಡಿದ್ದ ಆಸ್ಥಾನದ ಪಂಡಿತ, ಒಳಗೆ ವೈರಸ್ಸು ಸೇರಿದೆ ಎಂದ. ಅವನ ತಲೆಯೂ ಹೋಯಿತು. ಆಮೇಲೆ ಅರಮನೆಯ ಕಡೆ ಯಾರೂ ಸುಳಿಯಲಿಲ್ಲ. ಅಮಾವಾಸ್ಯೆ ಹತ್ತಿರ ಬಂತು, ಸೆರೆಯಲ್ಲಿದ್ದ ಕೆಂಚ ಊಟ ಬಿಟ್ಟ.

ಆಗ ಬಂದವನು ಕೆಂಚನ ತಮ್ಮ ಜವರ. ಸಂತೆಯಿಂದ ಸಂತೆಗೆ ಕೋಳಿ ಹೊತ್ತು ಮಾರುವವನು. ಬುಟ್ಟಿಯ ಸಮೇತ ಬಂದದ್ದರಿಂದ ಆಸ್ಥಾನಿಕರು ಮೂಗು ಮುಚ್ಚಿಕೊಂಡರು.

"ಎರಡು ತಲೆ ಹೋಗಿವೆ, ಗೊತ್ತೇನಯ್ಯ?" ಎಂದ ದೊರೆ.

"ಗೊತ್ತು ಬುದ್ಧಿ. ಮೂರ್ನೇದು ನಮ್ಮಣ್ಣಂದು. ಅದಕ್ಕೇ ಬಂದೆ."

ದೊರೆ ಅವನನ್ನು ಕೋಣೆಗೆ ಕರೆದೊಯ್ದು ದನಿಯನ್ನು ಹಚ್ಚಿದ. ಜವರ ಹಾಸಿಗೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಕಿವಿಗೊಟ್ಟ. ಅವನು ಕೇಳುತ್ತಿದ್ದದ್ದು ರಾಣಿಯ ಮಾತನ್ನಲ್ಲ, ಅದರ ಹಿಂದಿನ ಸದ್ದನ್ನು. ಮೊದಲು ಮೆಲ್ಲಗಿದ್ದದ್ದು ಬರಬರುತ್ತಾ ಜೋರಾಯಿತು, ಕೊನೆಗೆ ಬುಸುಗುಟ್ಟಿತು. ಅವನು ಮುಟ್ಟದಂತೆ ಅಂಗೈ ಹತ್ತಿರ ಹಿಡಿದ. ಒಲೆಯ ಮುಂದೆ ಹಿಡಿದಂತೆ ಝಳ ಹೊಡೆಯಿತು. ಎಂದಿನ ಜಾಗದಲ್ಲಿ ಮಾತು ನಿಂತು, ಕತ್ತಲಾಯಿತು.

ದೊರೆ ಮೊದಲ ಒಗಟು ಕೇಳಿದ. "ರೋಗವಿಲ್ಲದೆ ಜ್ವರ, ಓಡದೆ ಏದುಸಿರು. ಆ ಜ್ವರ ಎಲ್ಲಿಂದ ಬಂತು?"

"ದುಡಿಮೆಯಿಂದ, ಬುದ್ಧಿ. ದುಡಿದ್ರೆ ಮೈ ಕಾಯ್ತದೆ, ಅದಕ್ಕೂ ಹಂಗೇ. ಒಳಗಿರೋ ಫ್ಯಾನು ಆ ಕಾವನ್ನ ಆಚೆ ತಳ್ತದೆ. ಅದೇ ಏದುಸಿರು. ಪಾಪ, ಕಾವು ಹೋಗಕ್ಕೆ ದಾರಿ ಇಲ್ಲ."

"ಯಾರೂ ಮುಟ್ಟದೆ ಸಾಯುತ್ತದೆ, ಸುಮ್ಮನೆ ಬಿಟ್ಟರೆ ಮತ್ತೆ ಬದುಕುತ್ತದೆ. ಕೊಲ್ಲುವವರು ಯಾರು?"

"ಯಾರೂ ಇಲ್ಲ. ಅದು ಸಾಯೋದೂ ಇಲ್ಲ. ಸುಟ್ಟೋಗಬಾರ್ದು ಅಂತ ತಾನೇ ಕಣ್ಣು ಮುಚ್ಕೊಳ್ತದೆ, ತಣ್ಣಗಾದ್ರೆ ಏಳ್ತದೆ. ನಮ್ಮಣ್ಣ ಏನೂ ಮಾಡಿಲ್ಲ."

ದೊರೆಯ ದನಿ ಗಡುಸಾಯಿತು. "ಬಾಗಿಲಿಗೆ ಬೀಗ, ಕಿಟಕಿಗೆ ಅಗುಳಿ. ಆದರೂ ಒಳಗೊಂದು ಕೈ ಅದರ ಕತ್ತು ಹಿಸುಕುತ್ತಿದೆ. ಆ ಕೈ ಯಾರದು?"

ಜವರ ಬುಟ್ಟಿಯನ್ನು ಹತ್ತಿರ ಎಳೆದುಕೊಂಡ.

"ಬುದ್ಧಿ, ಹೊಸದಾಗಿ ಕೋಳಿ ಹೊರೋರು ಬಿಸ್ಲು ತಾಗದೆ ಇರ್ಲಿ ಅಂತ ಬುಟ್ಟಿ ಮ್ಯಾಲೆ ಕಂಬ್ಳಿ ಹೊದಿಸ್ತಾರೆ. ಸಂತೆ ಮುಟ್ಟೋ ಹೊತ್ಗೆ ಒಂದೂ ಉಳಿದಿರಲ್ಲ. ಕೋಳಿ ಮ್ಯಾಲೆ ಹಗೆ ಇಟ್ಕಂಡು ಹಂಗೆ ಮಾಡಲ್ಲ ಅವರು."

"ಕೇಳಿದ್ದಕ್ಕೆ ನೇರವಾಗಿ ಹೇಳು."

"ಆ ಕೈ ನಿಮ್ದು."

ಬಾಗಿಲಲ್ಲಿದ್ದ ಭಟ ಕತ್ತಿ ಹಿರಿದ. ದೊರೆ ನಿಧಾನವಾಗಿ ಹೋಗಿ ತಾನೇ ಶಾಲನ್ನು ತೆಗೆದ. ಅದು ಮೈಮೇಲಿಂದ ಈಗಷ್ಟೇ ತೆಗೆದಂತೆ ಬೆಚ್ಚಗಿತ್ತು. ಕಂಪ್ಯೂಟರನ್ನು ಎತ್ತಿ ನೋಡಿದರೆ ಗಾಳಿ ಆಡಬೇಕಾದ ಸಂದುಗಳಲ್ಲೆಲ್ಲ ಹತ್ತಿಯ ಎಳೆ, ಒಣ ಹೂವಿನ ಪುಡಿ, ಧೂಪದ ಮಸಿ. ಜವರ ಬುಟ್ಟಿಯಿಂದ ಒಂದು ಗರಿ ಆರಿಸಿ ಕೊಟ್ಟ. ದೊರೆ ಅದರಿಂದ ಕಸವನ್ನೆಲ್ಲ ಸವರಿ ತೆಗೆದು, ಯಂತ್ರವನ್ನು ಬರಿಯ ಮಣೆಯ ಮೇಲಿಟ್ಟ. ತಣ್ಣಗಾಗುವವರೆಗೆ ಕಾದು, ಮತ್ತೆ ಮೊದಲಿನಿಂದ ಹಚ್ಚಿದ.

ಈ ಸಲ ಏದುಸಿರು ಏಳಲಿಲ್ಲ. ದನಿ ಎಂದಿನ ಜಾಗಕ್ಕೆ ಬಂತು, ಅಲ್ಲಿ ನಿಲ್ಲದೆ ಮುಂದೆ ಹೋಯಿತು.

"ಇನ್ನೊಂದು ಮಾತಿದೆ ಪ್ರಭು, ಬೇಜಾರು ಮಾಡಿಕೊಳ್ಳಬಾರದು. ಎದುರಿಗೆ ಹೇಳಿದರೆ ನೊಂದುಕೊಳ್ಳುತ್ತೀರಿ ಅಂತ ಇಲ್ಲಿ ಹೇಳುತ್ತಿದ್ದೇನೆ. ಈ ಶಾಲು ತೆಗೆಸಿ. ಆ ಕಿಟಕಿಯನ್ನು ಒಂದಿಷ್ಟು ತೆರೆಸಿ. ಸೆಕೆ ತಡೆಯಲಾಗುತ್ತಿಲ್ಲ."

ಭಟ ಕತ್ತಿಯನ್ನು ಒರೆಗೆ ಸೇರಿಸಿದ. ದೊರೆ ಜವರನ ಕಡೆ ತಿರುಗಿ, "ಏನು ಬೇಕು ಕೇಳು" ಎಂದ. ಜವರ ಅಣ್ಣನ ಬಿಡುಗಡೆ ಕೇಳಿದ. ದೊರೆ ಕೆಂಚನನ್ನು ಬಿಡಿಸಿ, ಕೇಳದಿದ್ದರೂ ಹೊಳೆದಂಡೆಯ ಹೊಲವೊಂದನ್ನು ಜವರನ ಹೆಸರಿಗೆ ಬರೆಸಿದ. ಹೋದ ಎರಡು ತಲೆಗಳ ಮನೆಯವರಿಗೆ ಏನು ಕೊಡಬೇಕೆಂದು ಮಂತ್ರಿ ಕೇಳಿದಾಗ ದೊರೆ ಶಾಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ.

ಅಣ್ಣತಮ್ಮಂದಿರು ಬುಟ್ಟಿ ಹೊತ್ತು ಊರು ದಾಟಿದರು. ಕೋಣೆಯಲ್ಲಿ ದೊರೆ ಕಿಟಕಿ ತೆರೆದ. ರಾಣಿಯ ಮಾತೆಲ್ಲ ಮುಗಿದಿತ್ತು, ಕಂಪ್ಯೂಟರು ಮಾತ್ರ ಆರದೆ ತಣ್ಣಗೆ ಬೆಳಗುತ್ತಲೇ ಇತ್ತು. ಇನ್ನು ಅದು ತಾನಾಗಿ ಆರುವುದಿಲ್ಲ, ಅದನ್ನು ತಾನೇ ಆರಿಸಬೇಕು ಎಂದು ತಿಳಿದು ದೊರೆ ಗುಂಡಿಯ ಮೇಲೆ ಬೆರಳಿಟ್ಟು ಕೂತಿದ್ದ.