ಮುಳ್ಳುಹಂದಿ ಕೇಳಿದ ಹಕ್ಕು

ಅಮೆರಿಕದ ಒಂದು ಕಾಡಿನಲ್ಲಿ ಪ್ರಾಣಿಗಳೆಲ್ಲ ಒಗ್ಗಟ್ಟಾಗಿ, ಕಂಡಕಂಡವರ ಗೂಡು ಬಿಲಗಳಿಗೆ ನುಗ್ಗುತ್ತಿದ್ದ ಕರಡಿರಾಜನನ್ನು ಹೊಳೆಯಾಚೆ ಓಡಿಸಿದವು. ಇನ್ನು ರಾಜ ಬೇಡ, ನಾವೇ ಆರಿಸಿದ ಮುಖ್ಯಸ್ಥ ಸಾಕು ಎಂದು ಸಂವಿಧಾನವೊಂದನ್ನು ಮಾಡಿಕೊಂಡವು. ಮರಕುಟಿಗ ಅದನ್ನು ದೊಡ್ಡ ಮರದ ಮೇಲೆ ಕೊರೆಯಿತು. ಎಲ್ಲವೂ ಕೆಳಗೆ ಹೆಜ್ಜೆಗುರುತು ಒತ್ತಿದವು. ಮುಳ್ಳುಹಂದಿ ಮಾತ್ರ ಒತ್ತಲಿಲ್ಲ.

“ಏನಯ್ಯಾ ನಿನ್ನ ತಕರಾರು?” ಎಂದಿತು ಸಾರಂಗ. ಮುಖ್ಯಸ್ಥನಾಗುವುದು ತಾನೇ ಎಂದು ಅದಕ್ಕೆ ಗೊತ್ತಿತ್ತು.

“ಮುಖ್ಯಸ್ಥ ಏನೇನು ಮಾಡಬಹುದು ಅಂತ ಉದ್ದಕ್ಕೂ ಬರೆದಿದ್ದೀರಿ. ಏನು ಮಾಡಬಾರದು ಅಂತ ಎಲ್ಲಿದೆ? ನನ್ನನ್ನು ಕೇಳದೆ ಯಾರೂ ನನ್ನ ಬಿಲಕ್ಕೆ ಕಾಲಿಡಬಾರದು ಅಂತ ಬರೆಸಿ.”

“ನಾನು ನಿನ್ನ ಬಿಲಕ್ಕೆ ಬಂದೇನೇ? ನನ್ನ ಕೊಂಬೇ ಅದರೊಳಗೆ ಹಿಡಿಸುವುದಿಲ್ಲವಲ್ಲ!”

ಎಲ್ಲವೂ ನಕ್ಕವು.

“ನಿಮ್ಮ ಕೊಂಬು ಹಿಡಿಸುವುದಿಲ್ಲ, ಸ್ವಾಮಿ. ನಾಳೆ ನರಿಯನ್ನು ಆರಿಸಿದರೆ?”

ನಗು ನಿಂತಿತು. ಮೊಲಗಳೂ ಅಳಿಲುಗಳೂ ಮುಳ್ಳುಹಂದಿಯ ಪಕ್ಕಕ್ಕೆ ಸರಿದವು. ಒಗ್ಗಟ್ಟು ಮುರಿದರೆ ಕರಡಿ ಮರಳುವುದು ಖಂಡಿತ. ಸಾರಂಗ ಯೋಚಿಸಿ, “ಈಗ ಗುರುತು ಒತ್ತಪ್ಪಾ. ಮೊದಲ ಸಭೆಯಲ್ಲೇ ಎಲ್ಲರ ಹಕ್ಕುಗಳನ್ನೂ ಕೊರೆಸುತ್ತೇನೆ,” ಎಂದಿತು. ಮುಳ್ಳುಹಂದಿ ಅಳುಕುತ್ತಲೇ ಒತ್ತಿತು.

ಮೊದಲ ಸಭೆ ಮುಗಿದ ಮಧ್ಯಾಹ್ನ ಮುಖ್ಯಸ್ಥ ಸಾರಂಗ ಮುಳ್ಳುಹಂದಿಯ ಬಿಲದ ಬಾಯಿಗೆ ಬಂದು, “ಹಕ್ಕುಗಳನ್ನು ಕೊರೆಸಿಯಾಯಿತು. ಒಳಗೆ ಒಂದಿಷ್ಟು ಇಣುಕಲೇ?” ಎಂದು ಕೇಳಿತು.

“ಬೇಡ,” ಎಂದಿತು ಮುಳ್ಳುಹಂದಿ.

ಸಾರಂಗ ತಲೆಬಾಗಿ ಹಿಂದೆ ಸರಿಯಿತು. ಮುಳ್ಳುಹಂದಿಗೆ ಎಷ್ಟು ಹಿಗ್ಗಾಯಿತೆಂದರೆ, ಅದು ಹೊರಗೋಡಿ ಬಂದು, “ನಿಲ್ಲಿ ಸ್ವಾಮಿ, ಊಟ ಮಾಡಿಕೊಂಡು ಹೋಗಿ!” ಎಂದು ಕೂಗಿತು.