ಮೊಳಕೆ ರಾಗಿಗೆ ಸಿಹಿ ಬಂದದ್ದು

ಭೂಮಿ ಇನ್ನೂ ಹಸಿಹಸಿಯಾಗಿತ್ತು. ಬೆಟ್ಟಗಳು ತಾವು ಕೂರುವ ಜಾಗ ಹುಡುಕುತ್ತಿದ್ದ ಕಾಲ ಅದು. ಆಗ ರಾಗಿಕಾಳಿನೊಳಗೆ ಹಿಟ್ಟೇ ಇರಲಿಲ್ಲ ಮಕ್ಕಳೇ, ಬರೀ ಸಿಹಿ ಇತ್ತು.

ಕಣ್ಣಿಗೆ ಕಾಣದಷ್ಟು ಪುಟ್ಟ ಪುಟ್ಟ ಸಿಹಿಮಣಿಗಳು. ರಾಗಿತಾಯಿಯ ಎಲೆಗಳು ಬಿಸಿಲಲ್ಲಿ ನಿಂತು ಅವನ್ನು ಮಾಡುತ್ತಿದ್ದವು. ಪ್ರತಿ ಕಾಳಿನೊಳಗೂ ಒಂದು ಮರಿ ಮಲಗಿರುತ್ತಿತ್ತಲ್ಲ, ಅದು ಎದ್ದಾಗ ತಿನ್ನಲಿ ಅಂತ ತಾಯಿ ಅವನ್ನೆಲ್ಲ ಕಾಳಿಗೆ ತುಂಬುತ್ತಿದ್ದಳು.

ಆದರೆ ಮಳೆ ಬಂದರೆ ಸಿಹಿ ಕರಗಿ ಹರಿದುಹೋಗುತ್ತಿತ್ತು. ಮಳೆ ನಿಂತರೆ ಇರುವೆಗಳು ಬರುತ್ತಿದ್ದವು. "ಏನಮ್ಮಾ, ಇವತ್ತೂ ಹಬ್ಬಾನಾ ನಿಮ್ಮನೇಲಿ?" ಅಂತ ಕೇಳುತ್ತಲೇ ಒಳಗೆ ನುಗ್ಗುತ್ತಿದ್ದವು. ಮರಿಗಳು ಏಳುವ ಹೊತ್ತಿಗೆ ಕಾಳು ಖಾಲಿ. ಕೊನೆಗೆ ತಾಯಿಯ ತೆನೆಯಲ್ಲಿ ಒಂದೇ ಒಂದು ಕಾಳು ಉಳಿಯಿತು.

ಇದನ್ನಾದರೂ ಉಳಿಸಿಕೊಳ್ಳಬೇಕು ಅಂತ ಅವಳು ಒಂದು ಉಪಾಯ ಮಾಡಿದಳು. "ಎಲ್ಲರೂ ಒಬ್ಬರ ಕೈ ಒಬ್ಬರು ಹಿಡ್ಕೊಳ್ಳಿ. ಗಟ್ಟಿಯಾಗಿ! ನಾನು ಹೇಳೋವರೆಗೂ ಬಿಡಬೇಡಿ" ಅಂದಳು.

ಸಿಹಿಮಣಿಗಳು ಕೈಕೈ ಹಿಡಿದು ಉದ್ದುದ್ದ ಸಾಲಾದವು. ಸಾಲುಗಳೆಲ್ಲ ಸುರುಳಿ ಸುತ್ತಿಕೊಂಡು ಹಿಟ್ಟಾದವು.

ಆ ಕಾಳಿನಲ್ಲೇ ಇದ್ದ, ಸಿಹಿಮಣಿಯಲ್ಲದ ತುಂಟಿ ಒಬ್ಬಳು ಮಾತ್ರ ಸುಮ್ಮನಿರಲಿಲ್ಲ. ಅವಳ ಹೆಸರು ಕಚಗುಳಿ. ಸಿಹಿಮಣಿಗಳ ಪಕ್ಕೆಗೆ ಬೆರಳಿಟ್ಟು, ನಗಿಸಿ, ಕೈ ಬಿಡಿಸಿ ಓಡುತ್ತಿದ್ದಳು.

"ಮಾಡಿದ್ದೆಲ್ಲಾ ಹಾಳು ಮಾಡ್ತೀಯಲ್ಲೇ! ಕೆಲಸಕ್ಕೆ ಬಾರದವಳೇ!" ತಾಯಿ ಗದರಿ, ಸಿಪ್ಪೆಯ ಒಳಮಗ್ಗುಲಲ್ಲಿ ಒಣಗಿದ ಜಾಗ ನೋಡಿ ಅವಳನ್ನು ಮಲಗಿಸಿಬಿಟ್ಟಳು.

ಮಳೆ ಬಂತು, ಹಿಟ್ಟು ಕರಗಲಿಲ್ಲ. ಇರುವೆ ಬಂತು, ನೆಕ್ಕಿ ನೋಡಿತು. "ಥೂ, ಸಪ್ಪೆ! ಇದಕ್ಕಿಂತ ಮಣ್ಣೇ ವಾಸಿ" ಅಂತ ಹೊರಟುಹೋಯಿತು. ರಾಗಿತಾಯಿಗೆ ಹೆಮ್ಮೆಯೋ ಹೆಮ್ಮೆ.

ಕಾಳು ತಾಯಿಯ ಬುಡದಲ್ಲೇ ಉದುರಿ ಮಣ್ಣು ಸೇರಿತು. ನೀರು ಮೆಲ್ಲಗೆ ಇಳಿಯಿತು. ಮರಿ ಕಣ್ಣುಬಿಟ್ಟಿತು.

"ಅಮ್ಮಾ, ಹಸಿವು."

"ತಿನ್ನು ಕಂದಾ. ಸುತ್ತ ಇರೋದೆಲ್ಲಾ ನಿಂದೇ."

ಮರಿ ಬಾಯಿ ಹಾಕಿತು. ಅಷ್ಟುದ್ದದ ಸಾಲು ಅಷ್ಟು ಪುಟ್ಟ ಬಾಯಲ್ಲಿ ಹಿಡಿಸುವುದುಂಟೆ? "ಅಮ್ಮಾ, ನುಂಗಕ್ಕೇ ಆಗ್ತಿಲ್ಲ."

ತಾಯಿ ಸಿಹಿಮಣಿಗಳಿಗೆ ಕೂಗಿ ಹೇಳಿದಳು: "ಸಾಕು, ಕೈ ಬಿಡ್ರೋ! ಮಗು ಎದ್ದಿದೆ!"

"ಬಿಡೋಣ ಅಂತಲೇ ನೋಡ್ತಿದೀವಿ ತಾಯಿ. ಕೈ ಬಿಗಿದುಹೋಗಿದೆ, ಬರ್ತಾನೇ ಇಲ್ಲ."

"ನಾನು ಬಿಡಿಸ್ತೀನಿ, ಸರ್ಕೊಳ್ಳಿ" ಅಂದ ಸೂರ್ಯ. ನೆಲ ಕಾದು ಹೆಂಚಾಯಿತು. ಮರಿಯ ಬೇರಿನ ತುದಿ ಬಾಡಿತು.

"ಅಯ್ಯೋ ನಿಲ್ಲು ಸೂರ್ಯಣ್ಣಾ! ಹಿಟ್ಟಿನ ಜೊತೆ ನನ್ನ ಮಗೂನೂ ಬೆಂದುಹೋಗುತ್ತೆ!" ಸೂರ್ಯ ನಾಚಿ ಮೋಡದ ಹಿಂದೆ ಸರಿದ.

ನೀರು ಹೇಳಿತು: "ನಾನು ಅವರ ಕೈಗಳ ನಡುವೆ ತೂರಬಲ್ಲೆ ಅಕ್ಕಾ. ಆದ್ರೆ ನನ್ನದು ನಿಧಾನ. ಈ ಸಾಲು ಪೂರ್ತಿ ಬಿಡೋ ಹೊತ್ತಿಗೆ ಆ ಬೆಟ್ಟ ಸವೆದು ಮರಳಾಗಿರುತ್ತೆ."

"ನನ್ನ ಮಗು ನಾಳೆವರೆಗೂ ತಡೆಯಲ್ಲ ಕಣೇ!"

ಮರಿಯ ಅಳು ಸಣ್ಣದಾಗುತ್ತಾ ಬಂತು. ಸುತ್ತ ಊಟ, ನಡುವೆ ಹಸಿದ ಮಗು. ಆಗ ತಾಯಿಗೆ ಸಿಪ್ಪೆಯೊಳಗೆ ಮಲಗಿಸಿದ್ದವಳ ನೆನಪಾಯಿತು. "ಕಚಗುಳೀ! ಏಳಮ್ಮಾ!"

ನೀರು ತಾಗಿ ಒದ್ದೆಯಾಗಿದ್ದ ಕಚಗುಳಿ ಆಕಳಿಸಿದಳು. "ಅವತ್ತು ಕೆಲಸಕ್ಕೆ ಬಾರದವಳು ಅಂದ್ರಿ. ಇವತ್ತು ಏಳಮ್ಮ ಅಂತೀರಿ."

"ಆಮೇಲೆ ಎಷ್ಟು ಬೇಕಾದ್ರೂ ಬೈಯುವೆಯಂತೆ. ಮೊದಲು ಮಗು ನೋಡೇ."

ಕಚಗುಳಿ ಮಗುವನ್ನು ನೋಡಿದಳು. ಕೂಡಲೇ ಓಡಿದಳು. ಕೈ ಹಿಡಿದು ನಿಂತ ಎರಡು ಸಿಹಿಮಣಿಗಳ ಪಕ್ಕೆಗೆ ಬೆರಳಿಟ್ಟಳು.

"ಹಿಹ್ಹೀ, ಬಿಡೇ, ಬಿಡೇ!" ನಕ್ಕ ರಭಸಕ್ಕೆ ಕೈ ಸಡಿಲವಾಯಿತು. ನೀರು ನಡುವೆ ತೂರಿಕೊಂಡಿತು. ಒಂದು ಸಿಹಿಮಣಿ ಉರುಳಿ ಮರಿಯ ಬಾಯಿಗೆ ಬಿತ್ತು. ಅಷ್ಟರಲ್ಲಿ ಕಚಗುಳಿ ಮುಂದಿನ ಜೋಡಿಯ ಹತ್ತಿರ. ನಗು, ಸಡಿಲ, ಇನ್ನೊಂದು ಮಣಿ. ನಗು, ಸಡಿಲ, ಮತ್ತೊಂದು ಮಣಿ.

"ಇಷ್ಟೊಂದು ಸಾಲು, ನೀನೊಬ್ಬಳು. ಸವೆದುಹೋಗ್ತೀಯೇನೇ?" ತಾಯಿ ಕಳವಳದಿಂದ ಕೇಳಿದಳು.

"ನಗಿಸಿದವರು ಸವೀತಾರಾ ತಾಯಿ? ನೋಡಿ, ನಾನು ಹೇಗಿದ್ದೆನೋ ಹಾಗೇ ಇದೀನಿ. ಸೂರ್ಯಣ್ಣನಿಗೆ ಮಾತ್ರ ಹೇಳಿ, ತುಂಬಾ ಬಿಸಿ ಮಾಡಿದ್ರೆ ನನ್ನ ಬೆರಳು ಸೊಟ್ಟಗಾಗುತ್ತೆ, ಆಮೇಲೆ ಯಾರನ್ನೂ ನಗಿಸಕ್ಕಾಗಲ್ಲ. ಹಿತವಾಗಿ ಬೆಚ್ಚಗಿದ್ರೆ ಸಾಕು."

ಇದ್ದಕ್ಕಿದ್ದಂತೆ ಅಳು ನಿಂತಿತು. ತಾಯಿ ಮಣ್ಣಿಗೆ ಕಿವಿಗೊಟ್ಟಳು. ಏನೂ ಇಲ್ಲ.

ಆಮೇಲೆ, ತುಂಬಾ ಮೆಲ್ಲಗೆ, ಚಪ್ ಚಪ್ ಚಪ್.

"ಉಸ್ಸಪ್ಪಾ!" ಅಂದಳು ರಾಗಿತಾಯಿ. ಅವಳ ಒಣಗಿದ ಎಲೆಗಳೆಲ್ಲ ಒಮ್ಮೆಲೇ ಹಗುರಾದವು. ಬೆಳಗಾಗುವಷ್ಟರಲ್ಲಿ ಕಾಳಿನ ಸಿಪ್ಪೆ ಸೀಳಿ ಬೆಳ್ಳನೆಯ ಮೊಳಕೆ ಹೊರಗಿಣುಕಿತ್ತು.

ಅಂದಿನಿಂದ ರಾಗಿಯ ವಂಶದವರು ಕಾಳು ತುಂಬುವಾಗಲೆಲ್ಲ ಸಿಪ್ಪೆಯ ಒಳಮಗ್ಗುಲಲ್ಲಿ ಒಬ್ಬ ಕಚಗುಳಿಗೆ ಜಾಗ ಬಿಡುತ್ತಾರೆ, ಅದೂ ಮರ್ಯಾದೆಯಿಂದ. ದೊಡ್ಡ ತರಗತಿಗೆ ಹೋದಾಗ ನಿಮ್ಮ ಪುಸ್ತಕದಲ್ಲಿ ಅವಳನ್ನು ಕಿಣ್ವ ಅಂತ ಕರೆದಿರುತ್ತಾರೆ; ಹೆಸರು ಕೇಳಿ ಹೆದರಬೇಡಿ, ಅವಳೇ ಇವಳು.

ಅದಕ್ಕೇ ನೋಡಿ, ಒಣ ರಾಗಿ ಜಗಿದರೆ ಸಪ್ಪೆ. ಅದೇ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಬಂದ ಮೇಲೆ ಹುರಿದು ಬೀಸಿ ಗಂಜಿ ಮಾಡಿದರೆ, ಬೆಲ್ಲ ಹಾಕುವುದಕ್ಕೆ ಮೊದಲೇ ನಿಮ್ಮ ನಾಲಿಗೆಗೆ ಸಣ್ಣಗೆ ಸಿಹಿ ತಾಗುತ್ತದೆ.